ದೊಡ್ಡಪ್ಪನ ಗಡ್ಡ, ಮೊಮ್ಮಗನ ತಲೆಗೂದಲು

ಹಳೇಬೀಡಿಗೆ ಪ್ರವಾಸ ಬರುವ ಶಾಲಾ ಮಕ್ಕಳ ಕಿವಿಗೆ ಮಲಿಕ್ ಕಾಫರನ ಹೆಸರು ಬೀಳದೆ ಇರುವುದಿಲ್ಲ. 1311ರಲ್ಲಿ ಮೂರನೇ ಬಲ್ಲಾಳನ ದೋರಸಮುದ್ರದ ಮೇಲೆ ದಂಡೆತ್ತಿ ಬಂದ ದೆಹಲಿಯ ಸೇನಾಪತಿ ಅವನು. ಗುಲಾಮನಾಗಿದ್ದ ಆತ ವೃಷಣ ಕಳೆದುಕೊಂಡವನು ಎಂಬ ಸಂಗತಿ ಬಂದಾಗ ಮಾತ್ರ ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಮುಂದೆ ಹೋಗುತ್ತಾರೆ, ಮಕ್ಕಳು ಮುಸಿಮುಸಿ ನಗುತ್ತಾರೆ.

ಈ ಮುಜುಗರ ಒಂದು ದಿನ ನಮ್ಮ ಮನೆಗೂ ಬಂತು. ಹಳೇಬೀಡಿನಲ್ಲಿರುವ ನಮ್ಮ ದೊಡ್ಡಪ್ಪನಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಆಗಿ ಮೂಳೆಗೆ ಹರಡಿತ್ತು. ವೃಷಣದಲ್ಲಿ ಉತ್ಪತ್ತಿಯಾಗುವ ಟೆಸ್ಟೋಸ್ಟಿರೋನ್ ಹಾರ್ಮೋನೇ ಈ ರೋಗಕ್ಕೆ ಆಹಾರ. ಅದನ್ನು ತಡೆದರೆ ರೋಗ ತಗ್ಗುತ್ತದೆಂದು ಚಾರ್ಲ್ಸ್ ಹಗಿನ್ಸ್ 1941ರಲ್ಲೇ ತೋರಿಸಿಕೊಟ್ಟರು. 1966ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಈಗ ಇಂಜೆಕ್ಷನ್ನುಗಳೂ ಇವೆ. ಆದರೆ ಒಂದೇ ಸಲಕ್ಕೆ ಮುಗಿಯುತ್ತದೆಂದು ದೊಡ್ಡಪ್ಪ ವೃಷಣ ತೆಗೆಯುವ ಶಸ್ತ್ರಚಿಕಿತ್ಸೆಗೇ ಒಪ್ಪಿದರು. ಊರವರಿಗೆ 'ಹರ್ನಿಯಾ ಆಪರೇಷನ್' ಎಂದು ಹೇಳಿದ್ದಾಯಿತು.

ಕೆಲವು ತಿಂಗಳು ಕಳೆದವು. ದಿನವೂ ಶೇವ್ ಮಾಡಿಕೊಳ್ಳುತ್ತಿದ್ದವರಿಗೆ ಮೂರು ದಿನಕ್ಕೊಮ್ಮೆ ಸಾಕಾಯಿತು. ಎದೆಯ ಕೂದಲು ತೆಳುವಾಯಿತು. ದನಿ ಮಾತ್ರ ಮೊದಲಿನಂತೆಯೇ ಇತ್ತು. ಹರೆಯದಲ್ಲಿ ಒಮ್ಮೆ ಒಡೆದ ದನಿ ಮತ್ತೆ ಕೂಡುವುದಿಲ್ಲ. ಧನುರ್ಮಾಸದ ಚಳಿಯಲ್ಲೂ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ, ಬೆವೆತು, ಬೀಸಣಿಗೆ ಹುಡುಕುತ್ತಿದ್ದರು. "ಮುಟ್ಟು ನಿಲ್ಲುವಾಗ ನನಗೂ ಹೀಗೇ ಆಗ್ತಿತ್ತು. ಈಗ ಗೊತ್ತಾಯ್ತಾ?" ಎಂದು ದೊಡ್ಡಮ್ಮ ನಕ್ಕರು.

ಅವರ ಮೊಮ್ಮಗ ಪಿಯುಸಿ ಓದುವ ಹುಡುಗ. ಹದಿನೆಂಟಕ್ಕೇ ಹಣೆಯ ಮೇಲಿನ ಕೂದಲು ಹಿಂದೆ ಸರಿಯುತ್ತಿದೆಯೆಂಬ ಚಿಂತೆ ಅವನಿಗೆ. ಒಂದು ದಿನ ಕೇಳಿಯೇಬಿಟ್ಟ: "ತಾತ, ಇನ್ಮೇಲೆ ನಿಮ್ಮ ಬೋಳುತಲೇಲಿ ಕೂದಲು ಬರುತ್ತಾ?"

ಇದು ನಗುವ ಪ್ರಶ್ನೆಯಲ್ಲ. 1942ರಲ್ಲಿ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಇದಕ್ಕೆ ಉತ್ತರ ಕೊಟ್ಟಿದ್ದರು. ಹರೆಯಕ್ಕೆ ಮೊದಲೇ ವೃಷಣ ಕಳೆದುಕೊಂಡವರ ತಲೆ ಬೋಳಾಗಿರಲಿಲ್ಲ. ಅಂಥವರಿಗೆ ಟೆಸ್ಟೋಸ್ಟಿರೋನ್ ಕೊಟ್ಟಾಗ, ವಂಶದಲ್ಲಿ ಬೋಳುತಲೆ ಇದ್ದವರಿಗೆ ಕೂದಲು ಉದುರತೊಡಗಿತು. ಕೊಡುವುದನ್ನು ಬಿಟ್ಟಾಗ ಉದುರುವುದೂ ನಿಂತಿತು, ಆದರೆ ಹೋದದ್ದು ಮರಳಲಿಲ್ಲ. ತಾತನ ತಲೆಗೂ ಅದೇ ನ್ಯಾಯ.

ವಿಚಿತ್ರವೆಂದರೆ, ಗಡ್ಡ ಬೆಳೆಸುವ ಹಾರ್ಮೋನೇ ತಲೆ ಬೋಳಿಸುತ್ತದೆ. ಟೆಸ್ಟೋಸ್ಟಿರೋನ್ ದೇಹದಲ್ಲಿ ಡೈಹೈಡ್ರೋಟೆಸ್ಟೋಸ್ಟಿರೋನ್ ಆಗಿ ಮಾರ್ಪಡುತ್ತದೆ. ಅದು ಕೆನ್ನೆಯ ಕೂದಲನ್ನು ದಪ್ಪಗೆ ಬೆಳೆಸುತ್ತದೆ. ವಂಶಗುಣವಿದ್ದರೆ ನೆತ್ತಿಯ ಕೂದಲಿನ ಬೇರನ್ನು ವರ್ಷದಿಂದ ವರ್ಷಕ್ಕೆ ಕುಗ್ಗಿಸುತ್ತದೆ. ಆದ್ದರಿಂದ ಕೂದಲು ಉದುರಿದ ಹುಡುಗ ಯಾವ ತಪ್ಪನ್ನೂ ಮಾಡಿದವನಲ್ಲ, ಗಡ್ಡ ಬಾರದವನು ಕಡಿಮೆ ಗಂಡಸೂ ಅಲ್ಲ. ತಂದೆತಾಯಂದಿರು ಎಣ್ಣೆ, ನೀರು, ಓದಿನ ಭಾರವನ್ನು ಬೈಯುವ ಮೊದಲು ಮಗನನ್ನು ಚರ್ಮದ ವೈದ್ಯರಿಗೆ ತೋರಿಸಲಿ. ಹಾರ್ಮೋನನ್ನು ತಡೆಯುವ ಮಾತ್ರೆಗಳನ್ನು ಗೆಳೆಯರ ಮಾತು ಕೇಳಿ ಯಾರೂ ನುಂಗಬಾರದು.

ಹಾರ್ಮೋನ್ ಇಲ್ಲದೆ ಮೂಳೆ ಸವೆಯುತ್ತದೆಂದು ದೊಡ್ಡಪ್ಪ ಈಗ ದಿನವೂ ಕೆರೆ ಏರಿಯ ಮೇಲೆ ನಡೆಯುತ್ತಾರೆ. ಹರ್ನಿಯಾದ ಕಥೆ ಬಿಟ್ಟಿದ್ದಾರೆ. ಕೇಳಿದವರಿಗೆ ಇದ್ದದ್ದನ್ನೇ ಹೇಳುತ್ತಾರೆ. ಮೊನ್ನೆ ಪಕ್ಕದ ಬೀದಿಯ ಹಿರಿಯರೊಬ್ಬರು ಜೊತೆಗೆ ನಡೆಯುತ್ತಾ, ಮೂತ್ರ ಸರಿಯಾಗಿ ಹೋಗುತ್ತಿಲ್ಲವೆಂದು ಮೆಲ್ಲಗೆ ಬಾಯಿಬಿಟ್ಟರಂತೆ. ಮಾರನೆಯ ದಿನ ಇಬ್ಬರೂ ಹಾಸನದ ಬಸ್ಸು ಹತ್ತಿದರು.