ಒಂದಿಷ್ಟು ಅಪಶ್ರುತಿ

ಡಿಸೆಂಬರ್ 10ರಂದು ನಮ್ಮಲ್ಲಿ ಸಂಜೆ ಐದೂವರೆಯಾದಾಗ ನಾರ್ವೆಯ ಓಸ್ಲೊದಲ್ಲಿ ಮಧ್ಯಾಹ್ನ ಒಂದು ಗಂಟೆ. ಅಲ್ಲಿನ ಸಿಟಿ ಹಾಲ್‌ನಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪ್ರದಾನ ಶುರುವಾಗುವ ಹೊತ್ತು. ನೇರ ಪ್ರಸಾರ ಇರುವುದರಿಂದ ಆಮಂತ್ರಣವಿಲ್ಲದ ನನ್ನಂಥವರೂ ಕಾಫಿ ಲೋಟ ಹಿಡಿದುಕೊಂಡೇ ಹಾಜರಿ ಹಾಕಬಹುದು.

ಅಲ್ಲಿ ನನ್ನ ಕಣ್ಣು ಮೊದಲು ಹೋಗುವುದು ರಾಜನ ಕುರ್ಚಿಯ ಕಡೆಗೆ. ಅದು ವೇದಿಕೆಯ ಮೇಲಿಲ್ಲ. ಕೆಳಗೆ, ಸಭಿಕರ ಸಾಲುಗಳ ಮುಂದಿದೆ. ರಾಜ, ರಾಣಿ ಬರುತ್ತಾರೆ, ಕೂತು ಕೇಳುತ್ತಾರೆ, ಎದ್ದು ಹೋಗುತ್ತಾರೆ. ಪ್ರಶಸ್ತಿ ಕೊಡುವುದು ನೊಬೆಲ್ ಸಮಿತಿಯ ಅಧ್ಯಕ್ಷರು. ಮುಖ್ಯ ಅತಿಥಿ, ಘನ ಉಪಸ್ಥಿತಿ, ಗೌರವ ಉಪಸ್ಥಿತಿ ಎಂದು ವೇದಿಕೆ ತುಂಬಿ, ಸನ್ಮಾನಿತರ ಕುರ್ಚಿ ಅಂಚಿಗೆ ಸರಿದು, ಶಾಲು ಹೊದಿಸುವಾಗ ಫೋಟೊಕ್ಕೆ ಶಾಸಕರ ಬೆನ್ನೇ ಅಡ್ಡ ಬರುವ ಸಭೆಗಳನ್ನು ನೋಡಿ ಬೆಳೆದವನಿಗೆ, ಪಾಪ, ರಾಜನಿಗೆ ಹೀಗಾಗಬಾರದಿತ್ತು ಅನ್ನಿಸುತ್ತದೆ.

ಆದರೆ ಅಚ್ಚುಕಟ್ಟುತನಕ್ಕೂ ಒಂದು ಮಿತಿ ಬೇಕು. ಮಾತೆಲ್ಲ ಹಸಿವು, ಯುದ್ಧ, ಮಕ್ಕಳ ದುಡಿಮೆಯದು. ಕೇಳುವವರೆಲ್ಲ ಇಸ್ತ್ರಿ ಮಾಸದ ಕೋಟಿನವರು. ಯಾರ ಕಷ್ಟ ಇಲ್ಲದಿದ್ದರೆ ಈ ಪ್ರಶಸ್ತಿಗೆ ಕೆಲಸವೇ ಇರುತ್ತಿರಲಿಲ್ಲವೋ ಅವರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಅಲ್ಲಿರುತ್ತಾರೆ. ಹಾಗಾಗಿ ಎಲ್ಲಾದರೂ ತಾಳ ತಪ್ಪಿದರೆ ನಾನು ನೆಟ್ಟಗೆ ಕೂರುತ್ತೇನೆ.

2014ರಲ್ಲಿ ಮಲಾಲಾ ಜೊತೆ ಪ್ರಶಸ್ತಿ ಪಡೆದ ಕೈಲಾಶ್ ಸತ್ಯಾರ್ಥಿಯವರ ಭಾಷಣದ ಒಂದು ಹಾಳೆ ನಡುವೆಯೇ ಕಾಣೆಯಾಯಿತು. ಜೀತದ ಮಕ್ಕಳನ್ನು ಬಿಡಿಸಲು ಹೋಗಿ ಏಟು ತಿಂದ ಮನುಷ್ಯ ಒಂದು ಹಾಳೆಗೆ ಬೆದರುತ್ತಾರೆಯೇ? ಅದನ್ನೇ ತಮಾಷೆ ಮಾಡಿ ಸಭೆಯನ್ನು ನಗಿಸಿದರು. ನಮ್ಮೂರಿನ ಸಭೆಗೂ ಓಸ್ಲೊಗೂ ಇದ್ದ ದೂರ ಆ ಗಳಿಗೆಯಲ್ಲಿ ಎಷ್ಟೋ ಕಡಿಮೆಯಾಯಿತು.

ಇದು ತಾನಾಗಿ ಆದದ್ದು. 1999ರಲ್ಲಿ ಆದದ್ದು ಹಾಗಲ್ಲ. ಯುದ್ಧಭೂಮಿಗಳಲ್ಲಿ ಚಿಕಿತ್ಸೆ ಕೊಡುವ ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆಗೆ ಆ ವರ್ಷದ ಪ್ರಶಸ್ತಿ. ಅದರ ಪರವಾಗಿ ಮಾತಾಡಲು ನಿಂತ ಡಾ. ಜೇಮ್ಸ್ ಆರ್ಬಿನ್ಸ್‌ಕಿ, ರಾಜ-ರಾಣಿಯರನ್ನೂ ಗಣ್ಯರನ್ನೂ ಸಂಬೋಧಿಸಿ ಮುಗಿಸಿದ್ದೇ ತಡ, ಧನ್ಯವಾದಕ್ಕೂ ಮೊದಲು ಚೆಚನ್ಯಾದ ವಿಷಯಕ್ಕೆ ಬಂದರು. ಅಲ್ಲಿನ ಗ್ರೋಜ್ನಿ ನಗರದ ಮೇಲೆ ಆಗ ರಷ್ಯಾದ ಬಾಂಬು ಬೀಳುತ್ತಿತ್ತು. ನಿಲ್ಲಿಸಿ ಎಂದು ರಷ್ಯಾದ ರಾಯಭಾರಿಯನ್ನೇ ಕೇಳಿದರು. ಅವರ ಮೂಲಕ ಅಧ್ಯಕ್ಷ ಯೆಲ್ತ್ಸಿನ್ ಅವರನ್ನು. ಸಂಸ್ಥೆಯವರು ಅದೇ ಬೇಡಿಕೆ ಬರೆದ ಟೀ ಶರ್ಟು ತೊಟ್ಟು ಬಂದಿದ್ದರು. ಪ್ರಶಸ್ತಿ ಸಭೆಯಲ್ಲಿ ಇದು ಉಚಿತವೇ ಎಂದು ಕೇಳುವವರು ಎಲ್ಲ ದೇಶದಲ್ಲೂ ಇರುತ್ತಾರೆ. ರಾಯಭಾರಿ ಎದ್ದುಹೋಗದಂತೆ ಕೂರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಯಾವುದು ಎನ್ನುವುದು ನನ್ನ ಪ್ರಶ್ನೆ.

ಪಕ್ಕದ ಸ್ವೀಡನ್ನಿನಲ್ಲಿ ಒಂದು ಪ್ರಶಸ್ತಿ ಹುಟ್ಟಿದ್ದೇ ತಕರಾರಿನಿಂದ. ಪರಿಸರಕ್ಕೂ ಬಡತನ ನಿವಾರಣೆಗೂ ನೊಬೆಲ್ ಕೊಡಿ ಎಂದು ಯಾಕೋಬ್ ಫಾನ್ ಉಕ್ಸ್‌ಕುಲ್ ಎಂಬವರು ಕೇಳಿದರು. ನೊಬೆಲ್ ಪ್ರತಿಷ್ಠಾನ ಒಪ್ಪಲಿಲ್ಲ. ಅವರು ತಮ್ಮ ಅಂಚೆಚೀಟಿ ಸಂಗ್ರಹ ಮಾರಿ 1980ರಲ್ಲಿ ‘ರೈಟ್ ಲೈವ್ಲಿಹುಡ್’ ಪ್ರಶಸ್ತಿ ಶುರುಮಾಡಿಬಿಟ್ಟರು. 1994ರಲ್ಲಿ ಅದು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಬಾಳುವೆ ಕಟ್ಟಿಕೊಂಡ ನಮ್ಮ ಡಾ. ಎಚ್. ಸುದರ್ಶನ್ ಅವರಿಗೆ ಬಂತು. ಅದೇ ವರ್ಷದ ಪಟ್ಟಿಯಲ್ಲಿ ‘ಪಿಪ್ಪಿ’ ಎಂಬ ತುಂಟ ಹುಡುಗಿಯ ಕಥೆ ಬರೆದ ಅಜ್ಜಿ ಆಸ್ಟ್ರಿಡ್ ಲಿಂಡ್‌ಗ್ರೆನ್ ಇದ್ದರು. ತೈಲ ಕಂಪನಿ ಹಾಳುಗೆಡವಿದ ಒಗೋನಿ ನೆಲಕ್ಕಾಗಿ ನೈಜೀರಿಯಾದ ಜೈಲು ಸೇರಿದ್ದ ಸಾಹಿತಿ ಕೆನ್ ಸಾರೊ-ವಿವಾ ಇದ್ದರು. ಮರುವರ್ಷ ನವೆಂಬರಿನಲ್ಲಿ ಸರ್ಕಾರ ಸಾರೊ-ವಿವಾರನ್ನು ಗಲ್ಲಿಗೇರಿಸಿತು. ಪ್ರಶಸ್ತಿ ಅಡ್ಡ ಬರಲಿಲ್ಲ. ಬೆಟ್ಟದ ಡಾಕ್ಟರು, ಮಕ್ಕಳ ಕಥೆಯ ಅಜ್ಜಿ, ಜೈಲಿನಲ್ಲಿರುವ ಸಾಹಿತಿ: ಇಂಥ ಮೂವರನ್ನು ಒಂದೇ ಪಟ್ಟಿಗೆ ತರಲು ನಮ್ಮ ಯಾವ ಆಯ್ಕೆ ಸಮಿತಿಗೆ ಧೈರ್ಯವಿದೆ, ಹೇಳಿ.

ಇಷ್ಟಾದರೂ ಅತಿ ದೊಡ್ಡ ಅಪಶ್ರುತಿ ಮದರ್ ತೆರೇಸಾ ಅವರದೇ. 1979ರಲ್ಲಿ ಶಾಂತಿ ಪ್ರಶಸ್ತಿ ಬಂದಾಗ ಅವರು ಔತಣ ಬೇಡ, ಆ ಹಣ ಬಡವರಿಗಿರಲಿ ಎಂದರು. ಔತಣ ರದ್ದಾಯಿತು! ವಂದನಾರ್ಪಣೆಯ ನಂತರ ಊಟವಿದೆ ಎಂದು ನಿರೂಪಕರು ಆಗಾಗ ನೆನಪಿಸದಿದ್ದರೆ ನಮ್ಮಲ್ಲಿ ಅರ್ಧ ಸಭೆ ಖಾಲಿಯಾಗುತ್ತದೆ. ಆ ವರ್ಷ ನಾನೇನಾದರೂ ಆಹ್ವಾನಿತನಾಗಿದ್ದರೆ ಜೋರಾಗಿಯೇ ಚಪ್ಪಾಳೆ ತಟ್ಟುತ್ತಿದ್ದೆ. ತಟ್ಟುತ್ತಲೇ, ಹತ್ತಿರದಲ್ಲಿ ಎಲ್ಲಾದರೂ ಹೋಟೆಲು ತೆರೆದಿದೆಯೇ ಎಂದು ಪಕ್ಕದವರ ಕಿವಿಯಲ್ಲಿ ಕೇಳುತ್ತಿದ್ದೆ.