ಹಬ್ಬದ ಹಿಂದಿನ ಸಂಜೆ, ಏಳರ ಲೆಕ್ಕ

ರಾಕ್ ಸಂಗೀತ ಎಂದ ಕೂಡಲೇ ಕಿವಿ ಮುಚ್ಚಿಕೊಳ್ಳುವ ಸೋದರಿಯರೇ, ಸ್ವಲ್ಪ ತಾಳಿ. ಉದ್ದ ಕೂದಲಿನ ಹುಡುಗರು ಕಿರಚುವುದೇ ರಾಕ್ ಎಂದು ನಿಮ್ಮ ಮನೆಯಲ್ಲೂ ಹೇಳಿರುತ್ತಾರೆ. ಅದರಲ್ಲಿ ಪ್ರೊಗ್ರೆಸಿವ್ ರಾಕ್ ಎಂಬ ಒಂದು ಬಗೆಯಿದೆ. 1970ರ ಆಸುಪಾಸಿನಲ್ಲಿ ಇಂಗ್ಲೆಂಡಿನಲ್ಲಿ ಬೆಳೆದದ್ದು. ಮೂರು ನಿಮಿಷಕ್ಕೆ ಮುಗಿಯುವ ಹಾಡಲ್ಲ; ನಮ್ಮ ಕಛೇರಿಯ ರಾಗ-ತಾನ-ಪಲ್ಲವಿಯ ಹಾಗೆ ಬೆಳೆಸಿಕೊಂಡು ಹೋಗುತ್ತಾರೆ. ಜೆಥ್ರೊ ಟಲ್ ಎಂಬ ತಂಡ 1972ರಲ್ಲಿ ಒಂದೇ ಹಾಡನ್ನು ರೆಕಾರ್ಡಿನ ಎರಡೂ ಬದಿಗೆ ತುಂಬಿಸಿತು. ಆ ತಂಡದ ಇಯಾನ್ ಆಂಡರ್ಸನ್ ಒಂಟಿ ಕಾಲಿನಲ್ಲಿ ನಿಂತು ಕೊಳಲು ಊದುತ್ತಾರೆ. ನಮ್ಮ ಕೃಷ್ಣನ ನೆನಪಾಗದೆ ಇದ್ದೀತೆ?

ಇದೆಲ್ಲ ಇವಳಿಗೆ ಎಲ್ಲಿಂದ ಗೊತ್ತು ಅಂತೀರಾ? ನಮ್ಮವರಿಂದ. ಅವರು ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ, ಸೋಮೇಶ್ವರ ದೇವಸ್ಥಾನದ ಹತ್ತಿರ. ದಂಡಿನ ಕಡೆಯ ಹುಡುಗರಿಗೆ ಬೆಳಿಗ್ಗೆ ನಾದಸ್ವರ, ಭಾನುವಾರ ಚರ್ಚಿನ ಹಾಡು, ಸಂಜೆ ಯಾರದೋ ಮನೆಯ ಇಂಗ್ಲಿಷ್ ರೆಕಾರ್ಡು, ಎಲ್ಲವೂ ಒಂದೇ ಕಿವಿಗೆ. ಕಾಲೇಜಿನಲ್ಲಿ ನಾಲ್ವರು ಸೇರಿ ತಂಡ ಕಟ್ಟಿದರು. ಡ್ರಮ್ ಬಾರಿಸುವವರು ಶಿವಾಜಿನಗರದವರು, ನಮ್ಮವರದು ಬೇಸ್ ಗಿಟಾರ್. ನಾಲ್ಕೇ ತಂತಿ, ದಪ್ಪ ದನಿ. 1996ರಲ್ಲಿ ಬೆಂಗಳೂರಿನಲ್ಲಿ ಸ್ವಾತಂತ್ರ್ಯ ದಿನಾಚರಣೆಯ ಸಮಯಕ್ಕೆ 'ಫ್ರೀಡಂ ಜ್ಯಾಮ್' ಎಂಬ ಪುಕ್ಕಟೆ ಸಂಗೀತೋತ್ಸವ ಶುರುವಾಯಿತು. ಥರ್ಮಲ್ ಅಂಡ್ ಎ ಕ್ವಾರ್ಟರ್ ಎಂಬ ನಮ್ಮ ಊರಿನ ತಂಡ ಹುಟ್ಟಿದ್ದೂ ಅದೇ ವರ್ಷ. ನಮ್ಮವರ ತಂಡ ಮಾತ್ರ ಕೆಲಸ, ಮದುವೆ ಅಂತ ಒಬ್ಬೊಬ್ಬರೇ ಚದುರಿ ನಿಂತುಹೋಯಿತು.

ನಮ್ಮ ಮದುವೆ 2001ರಲ್ಲಿ. ಅದೇ ವರ್ಷ ಬೆಂಗಳೂರಿಗೆ ಡೀಪ್ ಪರ್ಪಲ್ ಬಂತು, ಮರುವರ್ಷ ಪಿಂಕ್ ಫ್ಲಾಯ್ಡ್‌ನಲ್ಲಿದ್ದ ರೋಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್. ಮೂರಕ್ಕೂ ಇವರು ಹೋದರು. ನನಗೆ ಬಸಿರು, ಬಾಣಂತನ. ಆಮೇಲೆ ಗಿಟಾರ್ ಅಟ್ಟ ಸೇರಿತು.

2023ರ ಕೊನೆಗೆ ಇವರ ಕಾರ್ಖಾನೆಯಲ್ಲಿ ಐವತ್ತು ದಾಟಿದವರಿಗೆಲ್ಲ ಸ್ವಯಂ ನಿವೃತ್ತಿ ಎಂದರು. ಹೆಸರಿಗಷ್ಟೇ ಸ್ವಯಂ. ಅಂದಿನಿಂದ ಮನೆಯಲ್ಲಿ ಮಾತೇ ಇಲ್ಲ. ಬೆಳಿಗ್ಗೆ ಪೇಪರು ಹಿಡಿದರೆ ಮಧ್ಯಾಹ್ನವಾದರೂ ಅದೇ ಪುಟ. ಗಂಡಸರ ಮೌನ ಎಷ್ಟು ಭಾರ ಎಂದು ಅನುಭವಿಸಿದವರಿಗೇ ಗೊತ್ತು. ಮಗನ ಕಾಲೇಜಿನ ಕಂತು ಕಟ್ಟುವ ಹೊತ್ತಿಗೆ ಗಿಟಾರ್ ಕೆಳಗಿಳಿಸಿ, "ಇದಕ್ಕೆ ಒಬ್ಬರು ಹದಿನೆಂಟು ಸಾವಿರ ಕೊಡ್ತಾರಂತೆ" ಅಂದರು.

ಅದೇ ವಾರ ಡ್ರಮ್ಮಿನ ಗೆಳೆಯರ ಫೋನು. ಇಂದಿರಾನಗರದ ಒಂದು ಹಾಲಿನಲ್ಲಿ ಆಗಸ್ಟ್ 15ಕ್ಕೆ ಹಳೆಯ ಕಾಲದ ಮೂರು ತಂಡಗಳು ಒಟ್ಟಿಗೆ ನುಡಿಸುತ್ತವೆ, ನೀನು ಬರಲೇಬೇಕು ಎಂದು. ನಾನು ಮಾತಾಡದೆ ಚೀಟಿಯನ್ನು ಕೂಗಿ ಎತ್ತಿ ಕಂತು ಕಟ್ಟಿಬಂದೆ. ಕೂಗಿನಲ್ಲಿ ಒಂದಿಷ್ಟು ಹೋಯಿತು, ಹೋಗಲಿ.

ಅತ್ತೆಯವರದು ಬೇರೆ ತಕರಾರು. 2024ರಲ್ಲಿ ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 16ಕ್ಕೆ ಬಿದ್ದಿತ್ತು. "ಹಬ್ಬದ ಹಿಂದಿನ ದಿನ ಗಂಡ ಹೆಂಡತಿ ಇಬ್ಬರೂ ಕುಣಿಯೋಕೆ ಹೋದ್ರೆ ಕಳಶಕ್ಕೆ ಸೀರೆ ಉಡಿಸೋರು ಯಾರಮ್ಮ?" ಅಂದರು. "ಮಧ್ಯಾಹ್ನವೇ ಉಡಿಸಿಟ್ಟು ಹೋಗ್ತೀನಿ ಅತ್ತೆ" ಅಂದೆ. ಹೂರಣವನ್ನೂ ರುಬ್ಬಿಟ್ಟೆ. (ಬೇಳೆ ಬಸಿದ ಕಟ್ಟನ್ನು ಚೆಲ್ಲಬೇಡಿ, ಮರುದಿನದ ಸಾರಿಗೆ ಅದೇ ರುಚಿ.)

ರಾತ್ರಿಯೆಲ್ಲ ಅಭ್ಯಾಸ. ಅವರು ಕಲಿಯುತ್ತಿದ್ದದ್ದು ಪಿಂಕ್ ಫ್ಲಾಯ್ಡ್‌ನವರ 1973ರ 'ಮನಿ'. ದುಡ್ಡಿನ ಮೇಲಿನ ಹಾಡು. ರೆಕಾರ್ಡಿನಲ್ಲಿ ಕಾಸು ಝಣಗುಟ್ಟುವ ಸದ್ದಿನಿಂದಲೇ ಶುರು. ಅದರ ಹಿಂದೆಯೇ ಬೇಸ್ ಗಿಟಾರ್ ಏರಬೇಕು. ಇವರ ಬೆರಳು ಮತ್ತೆ ಮತ್ತೆ ಎಡವುತ್ತಿತ್ತು. ಕೇಳುತ್ತ ಕೇಳುತ್ತ ನನ್ನ ಕೈ ತಾನಾಗಿ ಲೆಕ್ಕ ಹಾಕಿತು: ತಕಿಟ ತಕಧಿಮಿ, ಏಳು! ಚಿಕ್ಕಂದಿನಲ್ಲಿ ಕೋಲಾರದಲ್ಲಿ ಕಲಿತ ಮಿಶ್ರಛಾಪು. "ನಾಲ್ಕು ಅಂತ ಎಣಿಸಬೇಡಿ, ಇದನ್ನು ಹೇಳ್ಕೊಂಡು ನುಡಿಸಿ" ಅಂದೆ. ಇವರು ನನ್ನ ಮುಖ ನೋಡಿದರು. ಆಮೇಲೆ ಹತ್ತು ರಾತ್ರಿ ನಾನು ತೊಡೆ ತಟ್ಟುವುದು, ಅವರು ಮೀಟುವುದು. ನಡುವೆ ಒಂಟಿ ಗಿಟಾರ್ ನುಡಿಯುವಾಗ ಮಾತ್ರ ಹಾಡು ನಾಲ್ಕಕ್ಕೆ ಹೊರಳಿ, ಮತ್ತೆ ಏಳಕ್ಕೆ ಬರುತ್ತದೆ. ಆ ತಿರುವಿನಲ್ಲಿ ನಾವಿಬ್ಬರೂ ಜಗಳವಾಡಿದೆವು. ಎಷ್ಟು ತಿಂಗಳಾಗಿತ್ತು ನಾವು ಜಗಳವಾಡಿ!

ಕೆ.ಆರ್.ಪುರದಿಂದ ಮೆಟ್ರೊ ಹತ್ತಿ ಹೋದೆವು, ನನ್ನ ಮುಡಿಯಲ್ಲಿ ಹಬ್ಬದ ಮಲ್ಲಿಗೆ, ಇವರ ಬೆನ್ನಿಗೆ ಗಿಟಾರ್. ಹಾಲಿನ ತುಂಬ ತ್ರಿವರ್ಣದ ಬಲೂನು. ವೇದಿಕೆಯ ಮೇಲೆ ಬರೀ ನರೆಗೂದಲು, ಬೋಳುತಲೆ. ಒಬ್ಬರು ಮಂಡಿಗೆ ಪಟ್ಟಿ ಕಟ್ಟಿದ್ದರು, ಹಾಡುವವರೊಬ್ಬರು ಕನ್ನಡಕ ಏರಿಸಿ ಸಾಲು ಓದಿಕೊಳ್ಳುತ್ತಿದ್ದರು. ನನ್ನ ಪಕ್ಕದಲ್ಲಿ ಕುಳಿತಿದ್ದ ಇನ್ನೊಬ್ಬರ ಹೆಂಡತಿ ಡಬ್ಬಿಯಿಂದ ಚಕ್ಕುಲಿ ಕೊಟ್ಟರು. ಸದ್ದು ಮಾತ್ರ ಎದೆಗೇ ಗುದ್ದುತ್ತದೆ, ಅದು ನಿಜ. ಸ್ವಲ್ಪ ಹತ್ತಿ ಒಯ್ಯುವುದು ಒಳ್ಳೆಯದು.

ಕೊನೆಗೆ ಮೂರೂ ತಂಡದವರು ಒಟ್ಟಿಗೆ ಹತ್ತಿದರು. ಎರಡು ಡ್ರಮ್, ಐದು ಗಿಟಾರ್. ಕಾಸಿನ ಸದ್ದು ಬಂತು, ನಿಂತಿತು. ಎಲ್ಲರೂ ಇವರನ್ನೇ ಕಾಯುತ್ತಿದ್ದಾರೆ. ಇವರ ತುಟಿ ಅಲುಗಿದ್ದು ನನಗೆ ಕಂಡಿತು: ತಕಿಟ ತಕಧಿಮಿ. ತಂತಿ ನುಡಿಯಿತು, ಎಡವಲಿಲ್ಲ. ನಾಲ್ಕಕ್ಕೆ ಹೊರಳಿ ಏಳಕ್ಕೆ ಮರಳುವಾಗ ಡ್ರಮ್ಮಿನ ಗೆಳೆಯರೇ ತಪ್ಪಿದರು. ಇವರು ತಲೆಯಾಡಿಸಿ ದಾರಿಗೆ ತಂದರು.

ಮನೆಗೆ ಬಂದಾಗ ಹನ್ನೊಂದು ದಾಟಿತ್ತು. ಅತ್ತೆಯವರು ಕಳಶದ ಮುಂದೆ ಹೂ ಕಟ್ಟುತ್ತ ಎದ್ದೇ ಇದ್ದರು. "ಸರಿಯಾಗಿ ನುಡಿಸಿದ್ಯೇನೋ?" ಅಂದರು. ಇವರು ಊಟಕ್ಕೆ ಕುಳಿತು ಒಂದು ಗಂಟೆ ಹೊತ್ತು ಹೇಳಿದ್ದೇ ಹೇಳಿದ್ದು.

ಚೀಟಿಗೆ ಇನ್ನೂ ಕೆಲವು ಕಂತು ಉಳಿದಿವೆ. ಗಿಟಾರ್ ಈಗ ಅಟ್ಟದ ಮೇಲಿಲ್ಲ, ಅತ್ತೆಯವರ ಮಂಚದ ಪಕ್ಕದಲ್ಲಿದೆ. ಧೂಳು ಕೂತಿತೆಂದು ಅವರೇ ಒರೆಸುತ್ತಾರೆ.