ಹೊಳೆಯುವುದೆಲ್ಲ ಒಂದೇ ಸ್ಟೀಲ್ ಅಲ್ಲ

ಪಾತ್ರೆ ಅಂಗಡಿಗೆ ಹೋದರೆ ನಾವು ಹೆಂಗಸರು ಹೊಳಪು ನೋಡುತ್ತೇವೆ, ತೂಕ ನೋಡುತ್ತೇವೆ, ಕೊನೆಗೆ ಹೆಸರು ಹಾಕಿಸಿಕೊಂಡು ಬರುತ್ತೇವೆ. ಯಾವ ಸ್ಟೀಲ್ ಎಂದು ಕೇಳುವವರು ಎಷ್ಟು ಮಂದಿ? ಒಂದು ಲೋಟ, ಒಂದು ತಟ್ಟೆಯ ಮಟ್ಟಿಗೆ ಕೇಳದಿದ್ದರೂ ನಡೆದೀತು. ಆದರೆ ನಮ್ಮ ಸ್ವಸಹಾಯ ಸಂಘದ ಹತ್ತು ಮಂದಿ ಉಪ್ಪಿನಕಾಯಿ, ಪುನರ್ಪುಳಿ ಶರಬತ್ತು ಮಾಡಿ ಮಾರುವುದೆಂದು ಸಾಲ ತೆಗೆದಾಗ ಈ ಪ್ರಶ್ನೆ ಎದುರಿಗೇ ಬಂದು ನಿಂತಿತು. ಸಾಲ ಸಂಘದ್ದಾದರೂ ಕಂತು ಹತ್ತು ಮನೆಗಳದ್ದು. ಪಾತ್ರೆ ತೂತು ಬಿತ್ತೆಂದು ಕಂತು ನಿಲ್ಲುತ್ತದೆಯೇ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಮೂರೂ ಕಡೆ ವಿಚಾರಿಸಿದೆವು. ಒಂದೇ ಅಳತೆಯ ಕೊಪ್ಪರಿಗೆಗೆ ಮೂರು ದರ! "ಎಲ್ಲ ಒಂದೇ ಸ್ಟೀಲ್ ಅಕ್ಕ. ಬೇಕಾದ್ರೆ ಅಯಸ್ಕಾಂತ ಹಿಡಿದು ನೋಡಿ, ಅಂಟುವುದಿಲ್ಲ" ಎಂದರು ಒಬ್ಬ ವ್ಯಾಪಾರಿ. ಅಂಟಲಿಲ್ಲ, ನಿಜ. ಆದರೆ ಅಷ್ಟಕ್ಕೇ ನಂಬುವಂತಿಲ್ಲ.

ಸ್ಟೀಲನ್ನು ತುಕ್ಕಿನಿಂದ ಕಾಯುವುದು ಅದರಲ್ಲಿ ಬೆರೆತ ಕ್ರೋಮಿಯಂ. ಗಾಳಿ ತಾಗಿದೊಡನೆ ಅದು ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತದೆ. 304 ಎಂಬ ದರ್ಜೆಯಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತದೆ. ನಿಕ್ಕಲ್ ದುಬಾರಿ, ಅದನ್ನು ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ್ದು 202. ಇವೆರಡಕ್ಕೂ ಅಯಸ್ಕಾಂತ ಅಂಟದು. ನಿಕ್ಕಲ್ಲೇ ಇಲ್ಲದಂತಿರುವ 430ಕ್ಕೆ ಮಾತ್ರ ಗಟ್ಟಿಯಾಗಿ ಅಂಟುತ್ತದೆ. ಅಂದಮೇಲೆ ಅಯಸ್ಕಾಂತ 304ನ್ನೂ 202ನ್ನೂ ಬೇರೆ ಮಾಡಿ ಹೇಳೀತು ಹೇಗೆ?

ಉಪ್ಪು ಆ ಪೊರೆಯ ವೈರಿ. ಉಪ್ಪುನೀರು ನಿಂತಲ್ಲಿ ಸೂಜಿಮೊನೆಯಷ್ಟು ಕುಳಿ ಬಿದ್ದು ಒಳಗೊಳಗೇ ಕೊರೆಯುತ್ತದೆ. ಇದನ್ನು ಹೆಚ್ಚು ತಡೆಯುವುದು 316. ಅದರಲ್ಲಿ ನೂರಕ್ಕೆ 2ರಿಂದ 3 ಪಾಲು ಮಾಲಿಬ್ಡಿನಂ ಇರುತ್ತದೆ, ಬೆಲೆಯೂ ಏರುತ್ತದೆ. ಹಾಗಿದ್ದರೂ ಮಿಡಿಮಾವನ್ನು ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿಡಲು ಅದೂ ತಕ್ಕದ್ದಲ್ಲ. ಅದಕ್ಕೆ ಅಜ್ಜಿಯ ಭರಣಿಯೇ ಸೈ.

"ಹೊಳೆಯುತ್ತದಲ್ಲ, ಇಷ್ಟೆಲ್ಲ ಎಂತಕ್ಕೆ ಮಾರಾಯ್ತಿ?" ಎಂದರು ಸಂಘದ ಹಿರಿಯಕ್ಕ. "ಅಕ್ಕ, ಮಾರುವ ಬಾಟಲಿಯ ಮೇಲೆ ನಮ್ಮ ಸಂಘದ ಹೆಸರು ಉಂಟಲ್ಲ!" ಎಂದೆ. ಕೊನೆಗೆ ಕೆಲಸ ನೋಡಿ ಹಂಚಿಕೊಂಡೆವು. ಶರಬತ್ತು ಕಾಯಿಸುವ ಕೊಪ್ಪರಿಗೆ, ಹೋಳು ಹೆಚ್ಚುವ ಮೇಜು 304. ಉಪ್ಪು ಹಚ್ಚಿದ ಹೋಳು ರಾತ್ರಿಯಿಡೀ ಕೂರುವ ಬೋಗುಣಿ ಮಾತ್ರ 316. ಸಕ್ಕರೆ, ಒಣಮೆಣಸಿನ ಡಬ್ಬಿಗೆ 202 ಧಾರಾಳ ಸಾಕು. ಎಲ್ಲಕ್ಕೂ ದುಬಾರಿಯದೇ ಬೇಕೆಂದಿದ್ದರೆ ಬಾಟಲಿ ಕೊಳ್ಳಲು ದುಡ್ಡು ಉಳಿಯುತ್ತಿರಲಿಲ್ಲ.

ದೊಡ್ಡ ಪಾತ್ರೆ ಮಾಡಿಸುವ ಸೋದರಿಯರಿಗೆ ಇನ್ನೆರಡು ಮಾತು. ತುಕ್ಕು ಮೊದಲು ಹಿಡಿಯುವುದು ಬೆಸುಗೆಯಲ್ಲಿ. ಒಳಗಿನ ಬೆಸುಗೆ ಕೈಗೆ ನುಣುಪಾಗಿರಲಿ, ಕಪ್ಪು ಕಲೆ ಉಳಿಯದಿರಲಿ. ದಪ್ಪ ಹಾಳೆಗೆ ಬೆಸುಗೆ ಹಾಕಿಸುವುದಾದರೆ 304ಎಲ್ ಎಂದು ಕೇಳಿ. ಅದರಲ್ಲಿ ಇಂಗಾಲ ಕಡಿಮೆ. ಹಾಳೆಯ ಜೊತೆ ಕಾರ್ಖಾನೆಯ ಪರೀಕ್ಷಾ ಪತ್ರ ಬಂದಿದ್ದರೆ ಅದರಲ್ಲಿರುವ ಹೀಟ್ ನಂಬರೂ ಹಾಳೆಯ ಮೇಲಿನ ನಂಬರೂ ತಾಳೆಯಾಗುತ್ತದೆಯೇ ನೋಡಿ. ತಂದ ಮೇಲೆ ಕಬ್ಬಿಣದ ನಾರಿನಿಂದ ಉಜ್ಜಬೇಡಿ. ಅದರ ಚೂರು ಅಂಟಿಕೊಂಡು ತುಕ್ಕಾಗುತ್ತದೆ.

ಎಲ್ಲಕ್ಕಿಂತ ಮುಖ್ಯ, ದರ್ಜೆ ಬಿಲ್ಲಿನಲ್ಲೇ ಇರಲಿ. "304" ಎಂದು ಬರೆಯಲು ಅಂಗಡಿಯವರು ಹಿಂದೆಮುಂದೆ ನೋಡಿದರೆ, ಹಣ ಎಣಿಸಲು ನೀವೂ ಹಿಂದೆಮುಂದೆ ನೋಡಿ.